ಕ್ರಿಸ್ಮಸ್ ಕಾಣಿಕೆ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗಬೇಕು?

ಸಂಘದ ಸಭೆಯಲ್ಲಿ ಓದಿ ಚರ್ಚಿಸಲು: ಡಿಸೆಂಬರ್ ತಿಂಗಳ ಪಾಠ



 ಡಿಸೆಂಬರ್ ಬಂತು ಅಂದರೆ ನಮ್ಮ ಕಡೆ ರಾಗಿ ಕೊಯ್ಲು, ಕಣದ ಕೆಲಸ, ಸೊಗಡಿನ ಅವರೆಕಾಯಿ. ಸಭೆಗೆ ಬರೋಕೆ ಪುರುಸೊತ್ತಿಲ್ಲ ಅಂತ ಹೇಳುವ ತಿಂಗಳು. ಆದರೂ ಈ ತಿಂಗಳು ಒಂದು ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ. "ಸಿಸ್ಟರ್, ಈ ಸಲ ಕ್ರಿಸ್ಮಸ್ಸಿಗೆ ಫಾರಿನ್ನಿಂದ ಏನಾದ್ರೂ ಬರುತ್ತಾ?"

ಈ ಪ್ರಶ್ನೆ ಕೇಳುವವರನ್ನು ನಾನು ಬಯ್ಯುವುದಿಲ್ಲ. ನಮ್ಮ ಹಿರಿಯರಿಗೆ ಅಮೆರಿಕದ ಗೋಧಿ, ಹಾಲಿನ ಪುಡಿ ನೆನಪಿದೆ. 1960ರ ದಶಕದ ಬರಗಾಲದಲ್ಲಿ ಅವು ಚರ್ಚಿನ ಸಂಸ್ಥೆಗಳ ಮೂಲಕವೂ ಹಳ್ಳಿಗಳಿಗೆ ಬಂದವು. ಆಮೇಲೆ ಕಂಬಳಿ ಬಂತು, ಸೀರೆ ಬಂತು, ಮಕ್ಕಳಿಗೆ ಬ್ಯಾಗು ಬಂತು. ಹಾಗಾಗಿ ಹೊರದೇಶ ಅಂದರೆ ಅಲ್ಲೊಂದು ದೊಡ್ಡ ಕಣಜ ಇದೆ, ಬೀಗ ತೆಗೆದರೆ ಸುರಿಯುತ್ತದೆ ಅನ್ನುವ ಭಾವನೆ ಕೂತುಬಿಟ್ಟಿದೆ. ಆ ಕಣಜದೊಳಗೆ ನಿಜವಾಗಿ ಏನಿದೆ, ಯಾರು ತುಂಬಿಸುತ್ತಾರೆ ಅನ್ನೋದನ್ನ ಈ ತಿಂಗಳು ತಿಳಿದುಕೊಳ್ಳೋಣ. ಆಗ ನಮ್ಮ ಸಂಘದ ಪುಸ್ತಕವನ್ನು ನೋಡುವ ಕಣ್ಣೂ ಸ್ವಲ್ಪ ಬದಲಾಗಬಹುದು.

ಕೊಡುವವರು ಯಾರು?

ಹೊರದೇಶದ ಅನೇಕ ಕಾಲೇಜುಗಳಲ್ಲಿ ಕಥೋಲಿಕ ವಿದ್ಯಾರ್ಥಿಗಳಿಗಾಗಿ ಒಂದು ಸೇವಾಕೇಂದ್ರ ಇರುತ್ತದೆ. ಒಬ್ಬರು ಗುರುಗಳೋ ಸಿಸ್ಟರೋ ಅಲ್ಲಿ ಇರುತ್ತಾರೆ. ಭಾನುವಾರ ಪೂಜೆ, ಪೂಜೆ ಆದ ಮೇಲೆ ಒಂದು ಬಿಸಿ ಊಟ, ಮನೆ ಬಿಟ್ಟು ಬಂದ ಮಕ್ಕಳಿಗೆ ಕಷ್ಟ ಸುಖ ಹೇಳಿಕೊಳ್ಳಲು ಒಂದು ಜಾಗ. ಅಮೆರಿಕದಲ್ಲಿ ಇಂಥ ಕೇಂದ್ರಗಳನ್ನು ನ್ಯೂಮನ್ ಕೇಂದ್ರ ಅಂತ ಕರೆಯುತ್ತಾರೆ. ಮೊದಲನೆಯದು 1893ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು. 2019ರಲ್ಲಿ ಸಂತ ಪದವಿಗೇರಿದ ಕಾರ್ಡಿನಲ್ ನ್ಯೂಮನ್ ಅವರ ಹೆಸರು ಅದು. ನಮ್ಮ ದೇಶದಲ್ಲೂ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾಲಯ ಒಕ್ಕೂಟ 1924ರಲ್ಲೇ ಮದ್ರಾಸಿನಲ್ಲಿ ಹುಟ್ಟಿತು.

ಕ್ರಿಸ್ಮಸ್ ಹತ್ತಿರ ಬಂದಾಗ ಇಂಥ ಕೇಂದ್ರಗಳಲ್ಲಿ ಬಡವರಿಗಾಗಿ ಸಂಗ್ರಹ ನಡೆಯುತ್ತದೆ. ಕೆಲವು ಕಡೆ ಒಂದು ಕ್ರಿಸ್ಮಸ್ ಮರಕ್ಕೆ ಸಣ್ಣ ಸಣ್ಣ ಚೀಟಿ ಕಟ್ಟಿರುತ್ತಾರೆ. "ಹುಡುಗಿ, 8 ವರ್ಷ, ಚಳಿ ಅಂಗಿ" ಅನ್ನುವ ಥರ. ಯಾರು ಯಾವ ಚೀಟಿ ಕಿತ್ತುಕೊಂಡರೋ ಅವರು ಅದನ್ನು ತಂದುಕೊಡಬೇಕು. ಮಗುವಿನ ಹೆಸರು ಚೀಟಿಯಲ್ಲಿ ಇರುವುದಿಲ್ಲ. ಇದು ನನಗೆ ಇಷ್ಟವಾದ ಮಾತು. ನಮ್ಮಲ್ಲಿ ಒಂದು ನೋಟ್‌ಬುಕ್ ಕೊಟ್ಟರೂ ಮಗುವನ್ನು ವೇದಿಕೆ ಮೇಲೆ ನಿಲ್ಲಿಸಿ, ಹೆಸರು ಕೂಗಿ, ಫೋಟೋ ತೆಗೆಯದೆ ಬಿಡುವುದಿಲ್ಲ.

ಈ ವಿದ್ಯಾರ್ಥಿಗಳು ಸಾಹುಕಾರರ ಮಕ್ಕಳೇ ಇರಬೇಕು ಅಂತ ನೀವು ಅಂದುಕೊಳ್ಳಬಹುದು. ಎಲ್ಲರೂ ಅಲ್ಲ. ಅವರ ಜೊತೆ ಇಂಡಿಯಾದಿಂದ ಹೋದ ಮಕ್ಕಳೂ ಇದ್ದಾರೆ, ಬ್ಯಾಂಕ್ ಸಾಲ ಮಾಡಿ ಓದುತ್ತಿರುವವರು. ಆಸ್ಟ್ರೇಲಿಯಾದಲ್ಲಿ ಹೊರದೇಶದ ವಿದ್ಯಾರ್ಥಿ ಪಾಠ ನಡೆಯುವ ದಿನಗಳಲ್ಲಿ ಹದಿನೈದು ದಿನಕ್ಕೆ 48 ಗಂಟೆ ಮಾತ್ರ ಕೂಲಿ ಕೆಲಸ ಮಾಡಬಹುದು. 2023ರಿಂದ ಅಲ್ಲಿ ಆ ನಿಯಮ ಇದೆ. ಹೋಟೆಲಿನಲ್ಲಿ ತಟ್ಟೆ ತೊಳೆದು, ವೃದ್ಧಾಶ್ರಮದಲ್ಲಿ ರಾತ್ರಿ ಪಾಳಿ ಮಾಡಿ ಬಂದ ದುಡ್ಡಿನಲ್ಲಿ ಬಾಡಿಗೆ, ಊಟ, ಪುಸ್ತಕ ಎಲ್ಲ ಆಗಬೇಕು. ಅದರಲ್ಲಿ ಒಂದು ಪಾಲು ಆ ಕ್ರಿಸ್ಮಸ್ ಡಬ್ಬಿಗೆ ಬೀಳುತ್ತದೆ.

ಇನ್ನು ಜರ್ಮನಿಯ ಮಕ್ಕಳ ವಿಚಾರ. ಅಲ್ಲಿ ಕ್ರಿಸ್ಮಸ್ ಆದ ಮೇಲೆ, ಜನವರಿ 6ರ ಮೂರು ಜ್ಞಾನಿಗಳ ಹಬ್ಬದ ಸುಮಾರಿಗೆ, ಮಕ್ಕಳು ರಾಜರ ವೇಷ ಹಾಕಿಕೊಂಡು ಕೋಲಿಗೆ ನಕ್ಷತ್ರ ಕಟ್ಟಿ ಮನೆ ಮನೆಗೆ ಹಾಡುತ್ತಾ ಹೋಗುತ್ತಾರೆ. ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಆ ವರ್ಷದ ಅಂಕಿ, ನಡುವೆ ಮೂರು ಅಕ್ಷರ ಬರೆಯುತ್ತಾರೆ. ಕ್ರಿಸ್ತನು ಈ ಮನೆಯನ್ನು ಹರಸಲಿ ಅಂತ ಅದರ ಅರ್ಥ. ಮನೆಯವರು ಡಬ್ಬಿಗೆ ಹಣ ಹಾಕುತ್ತಾರೆ. ಜನವರಿಯಲ್ಲಿ ಅಲ್ಲಿ ಮಂಜು ಬೀಳುವ ಚಳಿ. 1959ರಿಂದ ದೇಶದಾದ್ಯಂತ ಇದು ನಡೆದುಕೊಂಡು ಬಂದಿದೆ. 2018ರಲ್ಲಿ ಆ ಮಕ್ಕಳು ಪಾಠ ಮಾಡಿಕೊಂಡು ಹಾಡಿದ್ದು ಯಾವ ದೇಶದ ಬಗ್ಗೆ ಗೊತ್ತಾ? ನಮ್ಮ ಭಾರತದ ಬಗ್ಗೆ. ಬಾಲಕಾರ್ಮಿಕ ಪದ್ಧತಿ ನಿಲ್ಲಬೇಕು ಅನ್ನುವುದು ಆ ವರ್ಷದ ವಿಷಯವಾಗಿತ್ತು. ಕಣಜ ತುಂಬುವುದು ಹೀಗೆ, ಒಂದೊಂದು ಬಾಗಿಲಿನಿಂದ ಒಂದೊಂದು ನಾಣ್ಯ.

ಪ್ಯಾರಿಸ್ಸಿನ ಆರು ಹುಡುಗರು

ವಿದ್ಯಾರ್ಥಿಗಳು ಬಡವರ ಮನೆ ಬಾಗಿಲಿಗೆ ಹೋದ ದೊಡ್ಡ ಕಥೆಯೊಂದು ಫ್ರಾನ್ಸ್ ದೇಶದ ಪ್ಯಾರಿಸ್ಸಿನಲ್ಲಿ ನಡೆಯಿತು. ಫ್ರೆಡ್ರಿಕ್ ಓಝನಾಮ್ ಅಂತ ಒಬ್ಬ ಹುಡುಗ. ಕಾನೂನು ಓದಲು ಲಿಯೋನ್ ಊರಿನಿಂದ ಪ್ಯಾರಿಸ್ಸಿಗೆ ಬಂದವನು. 1832ರಲ್ಲಿ ಆ ಪಟ್ಟಣದಲ್ಲಿ ಕಾಲರಾ ಬಂದು ಸಾವಿರಾರು ಬಡವರು ಸತ್ತರು. ಓಝನಾಮ್ ಮತ್ತು ಗೆಳೆಯರು ಒಂದು ಚರ್ಚಾಕೂಟದಲ್ಲಿ ಧರ್ಮದ ಬಗ್ಗೆ ಬಹಳ ಚೆನ್ನಾಗಿ ವಾದ ಮಾಡುತ್ತಿದ್ದರು. ಒಂದು ದಿನ ಎದುರು ಪಕ್ಷದವನು ಕೇಳಿದ: ನಿಮ್ಮ ಧರ್ಮ ಹಿಂದೆ ಒಳ್ಳೆಯದು ಮಾಡಿರಬಹುದು, ಈಗ ನೀವು ಬಡವರಿಗೆ ಏನು ಮಾಡ್ತಾ ಇದ್ದೀರಿ? ಉತ್ತರ ಇರಲಿಲ್ಲ.

1833ರ ಏಪ್ರಿಲ್ 23ರಂದು ಆರು ಮಂದಿ ವಿದ್ಯಾರ್ಥಿಗಳು, ಬಾಯಿ ಎಂಬ ಒಬ್ಬ ಹಿರಿಯ ಪತ್ರಕರ್ತರ ಜೊತೆ ಸೇರಿ ಒಂದು ಸಣ್ಣ ಸಂಘ ಮಾಡಿಕೊಂಡರು. ಆ ದಿನ ಓಝನಾಮ್‌ಗೆ ಸರಿಯಾಗಿ 20 ವರ್ಷ ತುಂಬಿತ್ತು. ಚಳಿಗಾಲಕ್ಕೆಂದು ಕೂಡಿಟ್ಟು ಉಳಿದಿದ್ದ ತಮ್ಮ ಸೌದೆಯನ್ನೇ ಅವನು ಮತ್ತು ಒಬ್ಬ ಗೆಳೆಯ ಒಂದು ಬಡ ಮನೆಗೆ ಹೊತ್ತುಕೊಂಡು ಹೋಗಿ ಕೊಟ್ಟರಂತೆ. ಆದರೆ ಹುಡುಗರಿಗೆ ಬಡವರ ಮನೆಗೆ ಹೋಗುವುದು ಹೇಗೆ, ಏನು ಮಾತಾಡುವುದು ಗೊತ್ತಿಲ್ಲ. ಅದನ್ನು ಕಲಿಸಿದ್ದು ಒಬ್ಬ ಹೆಂಗಸು. ರೊಸಾಲಿ ರೆಂಡು ಅನ್ನುವ ಸಿಸ್ಟರ್. ಪ್ಯಾರಿಸ್ಸಿನ ಅತಿ ಬಡ ಕೇರಿಯಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದವರು. ಯಾವ ಮನೆಗೆ ಹೋಗಬೇಕು ಎಂದು ಪಟ್ಟಿ ಕೊಟ್ಟರು, ರೊಟ್ಟಿಯ ಚೀಟಿ ಕೊಟ್ಟರು, ಹೇಗೆ ನಡೆದುಕೊಳ್ಳಬೇಕು ಅಂತ ಹೇಳಿಕೊಟ್ಟರು. ಓಝನಾಮ್‌ರನ್ನು 1997ರಲ್ಲಿ, ರೊಸಾಲಿಯವರನ್ನು 2003ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಪುನೀತರೆಂದು ಘೋಷಿಸಿದರು. ಆ ಆರು ಹುಡುಗರ ಗುಂಪೇ ಮುಂದೆ ಸಂತ ವಿನ್ಸೆಂಟ್ ದೆ ಪೌಲ್ ಸಭೆ ಆಯಿತು. 1863ರಲ್ಲಿ ಮುಂಬಯಿಗೆ ಬಂತು. ಇವತ್ತು ಸುಮಾರು 150 ದೇಶಗಳಲ್ಲಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಭಾನುವಾರ ಪೂಜೆ ಮುಗಿದ ಮೇಲೆ ಒಂದು ಪುಸ್ತಕ ಇಟ್ಟುಕೊಂಡು ಕೂರುವ ನಾಲ್ಕೈದು ಜನರನ್ನು ನೋಡಿದ್ದೀರಲ್ಲ, ಅವರೇ.

ಓಝನಾಮ್ ಮದುವೆಯಾಗಿ, ಪ್ರಾಧ್ಯಾಪಕರಾಗಿ, ಒಂದು ಹೆಣ್ಣು ಮಗುವಿನ ತಂದೆಯಾದ ಮೇಲಿನ ಒಂದು ಘಟನೆ ಇದೆ. ನಮ್ಮ ಸಂಘದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದು ಹೊಸ ವರ್ಷದ ದಿನ ಬೆಳಿಗ್ಗೆ ಅವರು ಹೆಂಡತಿಗೆ ಹೇಳಿದರು: ನಮಗೆ ಗೊತ್ತಿರುವ ಒಂದು ಬಡ ಕುಟುಂಬ ತಮ್ಮ ಮರದ ಬೀರು ಗಿರವಿ ಇಟ್ಟಿದೆ, ಹಿಂದೆ ಚೆನ್ನಾಗಿ ಬಾಳಿದ ಗುರುತಾಗಿ ಅವರಿಗೆ ಉಳಿದಿದ್ದ ಒಂದೇ ವಸ್ತು ಅದು, ಬಿಡಿಸಿಕೊಡೋಣವಾ? ಹೆಂಡತಿ ಇವತ್ತು ಬೇಡ ಅಂದರು. ಓಝನಾಮ್ ಒಪ್ಪಿದರು. ಸಂಜೆ ಮನೆಯಲ್ಲಿ ಮಗಳ ಮುಂದೆ ಆಟದ ಸಾಮಾನಿನ ರಾಶಿ. ತಂದೆ ಮಾತ್ರ ಒಂದು ಮಿಠಾಯಿಯನ್ನೂ ಮುಟ್ಟದೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದರು. ಕಾರಣ ಗೊತ್ತಾದಾಗ ಹೆಂಡತಿಯೇ ಹೋಗಿ ಬನ್ನಿ ಅಂತ ಕಳುಹಿಸಿದರು. ಅಂದೇ ಬೀರು ಬಿಡಿಸಿ ಆ ಮನೆಗೆ ತಲುಪಿಸಿ ಬಂದರು.

ಇಲ್ಲಿ ಸ್ವಲ್ಪ ನಿಲ್ಲಿ. ಓಝನಾಮ್ ಅವರಿಗೆ ಒಂದು ಮೂಟೆ ರೊಟ್ಟಿ ಕೊಡಬಹುದಾಗಿತ್ತು. ಕಂಬಳಿ ಕೊಡಬಹುದಾಗಿತ್ತು. ಕೊಟ್ಟದ್ದು ಗಿರವಿ ಇಟ್ಟ ವಸ್ತು. ಅದು ಅವರದ್ದೇ ಸ್ವಂತದ್ದು, ಕೈಬಿಟ್ಟು ಹೋಗಿದ್ದು. ಆ ಮನೆಯ ಮುಖ್ಯ ಕೊರತೆ ಏನು ಅನ್ನುವುದು ಅವರಿಗೆ ತಿಳಿದದ್ದು ಮನೆಯೊಳಗೆ ಹೋಗಿ ಕೂತು ಮಾತಾಡಿದ್ದರಿಂದ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಡಿಸೆಂಬರ್ ಬಂದರೆ ಎಷ್ಟು ಓಲೆ, ಎಷ್ಟು ಹೊಲಿಗೆ ಯಂತ್ರ, ಎಷ್ಟು ಆಧಾರ್ ಕಾರ್ಡು, ಎಟಿಎಂ ಕಾರ್ಡು ಬೇರೆಯವರ ಬೀರುವಿನಲ್ಲಿ ಕೂತಿವೆ, ಹೇಳಿ ನೋಡೋಣ? ಹೌದು, ಕಾರ್ಡುಗಳನ್ನೂ ಸಾಲಕ್ಕೆ ಒತ್ತೆ ಇಟ್ಟುಕೊಳ್ಳುವವರು ಇದ್ದಾರೆ. ಸಾಲ ವಸೂಲಿಗೆ ಕಿರುಕುಳ ಕೊಡುವುದನ್ನು ತಡೆಯಲು ನಮ್ಮ ರಾಜ್ಯ ಸರ್ಕಾರ 2025ರಲ್ಲಿ ಪ್ರತ್ಯೇಕ ಕಾನೂನನ್ನೇ ತರಬೇಕಾಯಿತು. ಅಂಥ ಮನೆಗೆ ಇನ್ನೊಂದು ಸೀರೆ ಕೊಟ್ಟು ಬಂದರೆ ಅವಳು ನಗುತ್ತಾಳೆ ನಿಜ, ಆದರೆ ರಾತ್ರಿ ನಿದ್ದೆ ಬರುವುದಿಲ್ಲ.

ಅಡುಗೆ ಹೆಚ್ಚಾಗಿ ಹಳಸಿದ ಊರು

ಆ ಹುಡುಗರು ತಮ್ಮ ಸಂಘಕ್ಕೆ ಸಂತ ವಿನ್ಸೆಂಟರ ಹೆಸರನ್ನೇ ಇಟ್ಟುಕೊಳ್ಳಲು ಕಾರಣ ಇದೆ. ಅವರಿಗಿಂತ 200 ವರ್ಷ ಹಿಂದೆ, 1617ರ ಆಗಸ್ಟಿನಲ್ಲಿ, ವಿನ್ಸೆಂಟರು ಫ್ರಾನ್ಸಿನ ಶಾತಿಯೋನ್ ಅನ್ನುವ ಸಣ್ಣ ಊರಿನಲ್ಲಿ ಗುರುಗಳಾಗಿದ್ದರು. ಒಂದು ಭಾನುವಾರ ಪೂಜೆಗೆ ಸಿದ್ಧವಾಗುತ್ತಿದ್ದಾಗ ಸುದ್ದಿ ಬಂತು: ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಖಾಯಿಲೆ ಬಿದ್ದಿದ್ದಾರೆ, ನೀರು ಕೊಡುವವರೂ ಇಲ್ಲ. ಅವರು ಪ್ರಸಂಗದಲ್ಲಿ ಅದನ್ನು ಹೇಳಿದರು. ಮಧ್ಯಾಹ್ನ ತಾವೇ ನೋಡಲು ಹೊರಟರೆ ದಾರಿಯುದ್ದಕ್ಕೂ ಹೆಂಗಸರು ಸಾಲು ಸಾಲಾಗಿ ಊಟ ಹೊತ್ತುಕೊಂಡು ಹೋಗುತ್ತಿದ್ದಾರೆ, ವಾಪಸ್ಸು ಬರುತ್ತಿದ್ದಾರೆ!

ವಿನ್ಸೆಂಟರಿಗೆ ಸಂತೋಷವಾಯಿತು. ಆದರೆ ಅವರು ರೈತನ ಮಗ, ಲೆಕ್ಕ ಗೊತ್ತಿತ್ತು. ಇವತ್ತು ಬಂದದ್ದರಲ್ಲಿ ಅರ್ಧ ಹಳಸಿ ಹೋಗುತ್ತದೆ, ನಾಲ್ಕು ದಿನ ಕಳೆದರೆ ಮತ್ತೆ ಆ ಮನೆ ಉಪವಾಸ. ಕೆಲವೇ ದಿನಗಳಲ್ಲಿ ಊರಿನ ಹೆಂಗಸರನ್ನು ಕೂಡಿಸಿ ಒಂದು ಸಂಘ ಮಾಡಿದರು. ಒಬ್ಬೊಬ್ಬರಿಗೆ ಒಂದೊಂದು ದಿನದ ಸರದಿ. ಒಬ್ಬ ಮುಖ್ಯಸ್ಥೆ, ಒಬ್ಬ ಖಜಾಂಚಿ, ಎಲ್ಲ ಮಹಿಳೆಯರೇ. ಹಣದ ಪೆಟ್ಟಿಗೆಗೆ ಎರಡು ಬೇರೆ ಬೇರೆ ಬೀಗ, ಒಂದರ ಕೀಲಿ ಮುಖ್ಯಸ್ಥೆಯ ಹತ್ತಿರ, ಇನ್ನೊಂದರ ಕೀಲಿ ಖಜಾಂಚಿಯ ಹತ್ತಿರ. ಇಬ್ಬರೂ ಇಲ್ಲದೆ ಪೆಟ್ಟಿಗೆ ತೆರೆಯುವಂತಿಲ್ಲ. ನಮ್ಮ ಸಂಘಗಳಿಗೆ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಹತ್ತಿರ ಅಂತ ಮೊದಲ ತರಬೇತಿಯಲ್ಲಿ ಹೇಳಿಕೊಟ್ಟಾಗ ಕೆಲವರು ಬೇಸರ ಮಾಡಿಕೊಂಡರು, ನಮ್ಮ ಮೇಲೆ ನಂಬಿಕೆ ಇಲ್ವಾ ಅಂತ. ಈ ನಿಯಮ 400 ವರ್ಷ ಹಳೆಯದು ಕಣ್ರಮ್ಮಾ. ಸಂತರೇ ಮಾಡಿದ್ದು.

ಆ ನಿಯಮಾವಳಿಯಲ್ಲಿ ಇನ್ನೂ ಒಂದು ಮಾತಿದೆ. ರೋಗಿಗಳಿಗೆ ಊಟ ಕೊಡಲು ಹೋದಾಗ, ಮೊದಲು ಜೊತೆಯಲ್ಲಿ ಯಾರಾದರೂ ಇರುವವರ ಮನೆಗೆ ಹೋಗಬೇಕು. ಒಂಟಿಯಾಗಿ ಇರುವವರ ಮನೆಗೆ ಕೊನೆಯಲ್ಲಿ ಹೋಗಬೇಕು. ಯಾಕೆ? ಕೊನೆಯ ಮನೆಯಲ್ಲಿ ಹೆಚ್ಚು ಹೊತ್ತು ಕೂತು ಮಾತಾಡಬಹುದು ಅಂತ. ನಾನು ಸಮಾಜಕಾರ್ಯದಲ್ಲಿ ಎಂಎ ಓದುವಾಗ ಮನೆ ಭೇಟಿಯ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದೆ. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ಕಾಣಲಿಲ್ಲ.

ವಾರಕ್ಕೊಂದು ಕಾಸು

ಈಗ ಲಿಯೋನ್ ಪಟ್ಟಣಕ್ಕೆ ಬರೋಣ. ಓಝನಾಮ್ ಬೆಳೆದ ಊರೇ ಅದು. ರೇಷ್ಮೆ ಮಗ್ಗಗಳ ಊರು. ಅಲ್ಲಿನ ಒಬ್ಬ ರೇಷ್ಮೆ ವ್ಯಾಪಾರಿಯ ಮಗಳು ಪೌಲಿನ್ ಝರಿಕೋ, 1799ರಲ್ಲಿ ಹುಟ್ಟಿದವಳು. ಅವಳ ಅಣ್ಣ ಪ್ಯಾರಿಸ್ಸಿನಲ್ಲಿ ಗುರುಪಟ್ಟಕ್ಕೆ ಓದುವ ವಿದ್ಯಾರ್ಥಿ. ಪರದೇಶಗಳಲ್ಲಿ ಕೆಲಸ ಮಾಡುವ ಗುರುಗಳು ಎಷ್ಟು ಕಷ್ಟದಲ್ಲಿದ್ದಾರೆ ಅಂತ ಅಣ್ಣ ತಂಗಿಗೆ ಕಾಗದ ಬರೆದ. ಶ್ರೀಮಂತರ ಹತ್ತಿರ ಹೋಗಿ ಚಂದಾ ಕೇಳುವುದು ಸುಲಭದ ದಾರಿ. ಪೌಲಿನ್ ಹೋದದ್ದು ರೇಷ್ಮೆ ಕೆಲಸದ ಹೆಣ್ಣುಮಕ್ಕಳ ಹತ್ತಿರ. ಹತ್ತು ಜನರ ಒಂದು ಗುಂಪು. ಒಬ್ಬೊಬ್ಬರು ವಾರಕ್ಕೆ ಒಂದು ಸೂ, ಅಂದರೆ ಅತಿ ಸಣ್ಣ ತಾಮ್ರದ ಕಾಸು. ಗುಂಪಿಗೆ ಒಬ್ಬಳು ಸಂಗ್ರಹ ಮಾಡುವವಳು. ಹತ್ತು ಗುಂಪು ಸೇರಿ ನೂರು, ನೂರಕ್ಕೆ ಒಬ್ಬರು, ಹತ್ತು ನೂರು ಸೇರಿ ಸಾವಿರ, ಸಾವಿರಕ್ಕೆ ಒಬ್ಬರು. ಓದಿದಾಗ ನಿಮಗೆ ಏನನ್ನಿಸುತ್ತದೆ? ಸಂಘ, ಕ್ಲಸ್ಟರ್, ಒಕ್ಕೂಟ! ನಬಾರ್ಡಿನವರು 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸಿದರು, ನಮ್ಮ ರಾಜ್ಯದಲ್ಲಿ 2000ದಲ್ಲಿ ಸ್ತ್ರೀಶಕ್ತಿ ಬಂತು. ಲಿಯೋನಿನ ಹೆಣ್ಣುಮಕ್ಕಳು ಇದನ್ನು 1820ರ ಹೊತ್ತಿಗೇ ಮಾಡಿ ನೋಡಿದ್ದರು.

1822ರ ಮೇ 3ರಂದು ಆ ಕೆಲಸ ಧರ್ಮಪ್ರಚಾರ ಸಂಘ ಅನ್ನುವ ಹೆಸರಿನಲ್ಲಿ ಅಧಿಕೃತವಾಗಿ ಶುರುವಾಯಿತು. ಅದರ ಹಣ ಹೋದ ಕಡೆಗಳಲ್ಲಿ ಪ್ಯಾರಿಸ್ ಪರದೇಶ ಮಿಷನ್ ಸಂಸ್ಥೆಯ ಗುರುಗಳು ನಡೆಸುತ್ತಿದ್ದ ಮೈಸೂರು ಮಿಷನ್ ಕೂಡ ಒಂದು. 1850ರಲ್ಲಿ ಮೈಸೂರು ಪ್ರತ್ಯೇಕ ಧರ್ಮಪ್ರಾಂತ್ಯದ ರೂಪ ಪಡೆದು ಬಿಷಪ್ ಶಾರ್ಬೊನೋ ಅದರ ಮುಖ್ಯಸ್ಥರಾದರು. ಆಗ ನಮ್ಮ ತುಮಕೂರು ಸೀಮೆಯೂ ಮೈಸೂರು ಸಂಸ್ಥಾನದ್ದೇ. ನಮ್ಮ ಕಡೆಯ ಹಳೆಯ ಶಾಲೆ, ಅನಾಥಾಲಯ, ಔಷಧಾಲಯಗಳ ಕಥೆಯಲ್ಲಿ ಲಿಯೋನಿನ ಮಗ್ಗದ ಹೆಂಗಸಿನ ಆ ತಾಮ್ರದ ಕಾಸೂ ಇದೆ. ಅವಳು ನಮ್ಮ ಊರಿನ ಹೆಸರು ಕೇಳಿರಲಾರಳು.

ಪೌಲಿನ್ ಕಥೆಯ ಎರಡನೇ ಭಾಗವನ್ನು ಸಾಮಾನ್ಯವಾಗಿ ಪ್ರಸಂಗಗಳಲ್ಲಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆಮೇಲೆ 1845ರಲ್ಲಿ ಅವಳು ಕೆಲಸಗಾರರಿಗೆ ನ್ಯಾಯವಾದ ಕೂಲಿ, ಮನೆ, ಶಾಲೆ ಎಲ್ಲ ಇರುವ ಒಂದು ಕಬ್ಬಿಣದ ಕಾರ್ಖಾನೆ ನಡೆಸಬೇಕೆಂದು ಹೊರಟಳು. ಉದ್ದೇಶ ಚಿನ್ನದಂಥದ್ದು. ಆದರೆ ವ್ಯವಹಾರ ನೋಡಿಕೊಳ್ಳಲು ನಂಬಿದವರು ಮೋಸ ಮಾಡಿದರು. ಕಾರ್ಖಾನೆ ಮುಳುಗಿತು. ಹಣ ಕೊಟ್ಟವರಲ್ಲಿ ಬಡ ಕೆಲಸಗಾರರೂ ಇದ್ದರು. ಅವರ ಸಾಲ ತೀರಿಸಲು ಅವಳು ಜೀವನವಿಡೀ ಒದ್ದಾಡಿದಳು. ಕೊನೆಗೆ ಬಡವರ ಪಟ್ಟಿಯಲ್ಲಿ ಅವಳ ಹೆಸರೇ ಸೇರಿತು. 1862ರಲ್ಲಿ ತೀರಿಕೊಂಡಳು. 2022ರ ಮೇ 22ರಂದು ಲಿಯೋನಿನಲ್ಲೇ ಅವಳನ್ನು ಪುನೀತಳೆಂದು ಘೋಷಿಸಲಾಯಿತು. ವಾರಕ್ಕೊಂದು ಕಾಸಿನ ಸಂಘದಲ್ಲಿ ಪ್ರತಿ ಹತ್ತು ಜನರಿಗೆ ಒಬ್ಬಳು ಲೆಕ್ಕ ಇಡುತ್ತಿದ್ದಳು, ಅದು ಬೆಳೆಯಿತು. ಕಾರ್ಖಾನೆಯಲ್ಲಿ ಹಣ ಒಬ್ಬಿಬ್ಬರ ಕೈಗೆ ಹೋಯಿತು, ಅದು ಮುಳುಗಿತು. ಒಳ್ಳೆಯ ಮನಸ್ಸು ಎರಡು ಕಡೆಯೂ ಒಂದೇ ಆಗಿತ್ತು.

ನಮ್ಮ ಮೊರದ ರಾಗಿ

ಕೊಡುವುದು ನಮಗೂ ಹೊಸದಲ್ಲ. ತುಮಕೂರಿನ ಸಿದ್ಧಗಂಗಾ ಮಠ ನಿಮಗೆಲ್ಲ ಗೊತ್ತು. 2019ರಲ್ಲಿ 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಅಲ್ಲಿ ಸಾವಿರಾರು ಮಕ್ಕಳು, ಜಾತಿ ಮತ ಕೇಳದೆ, ಉಚಿತವಾಗಿ ಉಂಡು ಓದಿದರು, ಇವತ್ತೂ ಓದುತ್ತಿದ್ದಾರೆ. ಆ ದಾಸೋಹದ ಒಲೆ ಉರಿಸಿದ್ದರಲ್ಲಿ ಸುಗ್ಗಿ ಮುಗಿದ ಮೇಲೆ ಹಳ್ಳಿಯವರು ಗಾಡಿಯಲ್ಲಿ ತಂದುಕೊಟ್ಟ ರಾಗಿ, ಅಕ್ಕಿ, ಬೇಳೆಯ ಪಾಲು ದೊಡ್ಡದು. ನಿಮ್ಮಲ್ಲಿ ಎಷ್ಟೋ ಮನೆಗಳಿಂದ ಹೋಗಿರಬಹುದು. ಈಶಾನ್ಯದ ಮಿಜೋರಾಂನಲ್ಲಿ ಕ್ರೈಸ್ತ ಹೆಂಗಸರು 1910ರಿಂದ ಇಂಥದೇ ಇನ್ನೊಂದು ಪದ್ಧತಿ ನಡೆಸಿದ್ದಾರೆ. ಪ್ರತಿ ಸಲ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ. ವಾರಕ್ಕೊಮ್ಮೆ ಅದನ್ನು ಸಂಗ್ರಹಿಸಿ ಮಾರುತ್ತಾರೆ. ಅಲ್ಲಿನ ಸಭೆಯ ಸೇವಾಕಾರ್ಯಕ್ಕೆ ಅದರಿಂದ ದೊಡ್ಡ ಬಲ ಬಂದಿದೆ. ಶುಭಸಂದೇಶದಲ್ಲಿ ಯೇಸು ಹೊಗಳಿದ ಬಡ ವಿಧವೆಯೂ ಎರಡೇ ಕಾಸು ಹಾಕಿದವಳು. ಸಂತ ಪೌಲರು ಕೊರಿಂಥದವರಿಗೆ ಬರೆದ ಪತ್ರದಲ್ಲಿ, ಜೆರುಸಲೇಮಿನ ಬಡವರಿಗೋಸ್ಕರ ವಾರದ ಮೊದಲ ದಿನ ಪ್ರತಿಯೊಬ್ಬರೂ ಶಕ್ತ್ಯಾನುಸಾರ ಎತ್ತಿಡಬೇಕು, ಅದನ್ನು ಒಯ್ಯಲು ನೀವೇ ಆರಿಸಿದ ಜನ ಹೋಗಲಿ ಎಂಬ ಅರ್ಥದಲ್ಲಿ ಹೇಳುತ್ತಾರೆ. ವಾರದ ಉಳಿತಾಯ, ಸದಸ್ಯರೇ ಆರಿಸಿದ ಪ್ರತಿನಿಧಿ, ಎರಡೂ ಅಲ್ಲೇ ಇವೆ.

ಕಾನೂನು ಏನು ಹೇಳುತ್ತದೆ?

ಇನ್ನು ಮೊದಲ ಪ್ರಶ್ನೆಗೆ ನೇರ ಉತ್ತರ. ಹೊರದೇಶದ ಹಣ ಮೊದಲಿನಂತೆ ಬರುವುದಿಲ್ಲ. ವಿದೇಶಿ ವಂತಿಗೆಗೆ 1976ರಿಂದಲೂ ಕಾನೂನು ಇದೆ, 2010ರಲ್ಲಿ ಹೊಸ ಕಾನೂನು ಬಂತು, 2020ರಲ್ಲಿ ಅದನ್ನು ಬಿಗಿ ಮಾಡಿದರು. ನೋಂದಣಿ ಇರುವ ಸಂಸ್ಥೆ ಮಾತ್ರ ಪಡೆಯಬಹುದು, ಇಲ್ಲವೇ ಕೇಂದ್ರ ಸರ್ಕಾರದಿಂದ ಮೊದಲೇ ಅನುಮತಿ ಪಡೆದಿರಬೇಕು. ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಒಂದು ಸಂಸ್ಥೆ ತನಗೆ ಬಂದದ್ದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚಿಗೆ ಮೊದಲು 100 ರೂಪಾಯಿಯಲ್ಲಿ 50 ರೂಪಾಯಿವರೆಗೆ ಅವಕಾಶ ಇತ್ತು, ಈಗ 20 ಮಾತ್ರ. ಮದರ್ ತೆರೆಸಾ ಅವರ ಸಭೆಯ ನೋಂದಣಿ ನವೀಕರಣವೇ 2021ರ ಕ್ರಿಸ್ಮಸ್ ದಿನ ನಿಂತುಹೋಗಿ, 2022ರ ಜನವರಿಯಲ್ಲಿ ಮತ್ತೆ ಸಿಕ್ಕಿತು. ಹಾಗಾಗಿ ಯಾರಾದರೂ "ನಿಮ್ಮ ಸಂಘಕ್ಕೆ ಫಾರಿನ್ ಫಂಡ್ ಮಾಡಿಸಿಕೊಡ್ತೀವಿ, ಐದು ಸಾವಿರ ಖರ್ಚಿಗೆ ಕೊಡಿ" ಅಂದರೆ ಬಾಗಿಲಲ್ಲೇ ಕಳುಹಿಸಿಬಿಡಿ.

ಆದರೆ ಈಗಿನ ಕಾಲದಲ್ಲಿ ಬರುವ ಇನ್ನೊಂದು ಸಂದರ್ಭ ಇದೆ. ನಿಮ್ಮ ಸಂಘದ ಒಬ್ಬ ಸದಸ್ಯೆಯ ಮಗಳು ನರ್ಸಿಂಗ್ ಓದಲು ಹೊರದೇಶಕ್ಕೆ ಹೋಗಿದ್ದಾಳೆ ಎಂದಿಟ್ಟುಕೊಳ್ಳಿ. ಅಮ್ಮನ ಸಂಘದಿಂದ ಸಾಲ ತೆಗೆದು ಓದಿದ ಹುಡುಗಿ. ಕ್ರಿಸ್ಮಸ್ಸಿಗೆ ತನ್ನ ಕೂಲಿಯಲ್ಲಿ ಉಳಿಸಿದ ಹತ್ತು ಸಾವಿರ ರೂಪಾಯಿ ಸಂಘಕ್ಕೆ ಕೊಡುತ್ತೇನೆ ಅನ್ನುತ್ತಾಳೆ. ತೆಗೆದುಕೊಳ್ಳಬಹುದಾ? ಅವಳು ಇನ್ನೂ ಭಾರತದ ಪ್ರಜೆಯಾಗಿದ್ದು, ಸ್ವಂತ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆ ಅಲ್ಲ, ತೆಗೆದುಕೊಳ್ಳಬಹುದು. ಅವಳ ಭಾರತೀಯ ಪಾಸ್‌ಪೋರ್ಟಿನ ಒಂದು ಪ್ರತಿ, ಇದು ನನ್ನ ಸ್ವಂತ ಉಳಿತಾಯ ಅಂತ ಒಂದು ಕಾಗದ ತೆಗೆದು ಕಡತದಲ್ಲಿಡಿ. ನಡಾವಳಿ ಪುಸ್ತಕದಲ್ಲಿ ಬರೆಯಿರಿ, ರಸೀದಿ ಕೊಡಿ. ಅವಳು ಆ ದೇಶದ ಪ್ರಜೆಯಾಗಿಬಿಟ್ಟಿದ್ದರೆ ಮಾತು ಬೇರೆ. ಹುಟ್ಟಿದ್ದು ಮಧುಗಿರಿಯಲ್ಲೇ ಆಗಿದ್ದರೂ ಅದು ವಿದೇಶಿ ವಂತಿಗೆ. ಹಾಗೆಯೇ ಅವಳ ಕಾಲೇಜಿನ ವಿದ್ಯಾರ್ಥಿ ಕೇಂದ್ರದ ಗೆಳೆಯರೆಲ್ಲ ಸೇರಿ ಹಾಕಿದ ಹಣವನ್ನು ಅವಳ ಹೆಸರಿನಲ್ಲಿ ಕಳುಹಿಸಿದರೆ ಅದೂ ವಿದೇಶಿ ವಂತಿಗೆಯೇ. ಸಂಘದ ಖಾತೆಗೆ ಅದನ್ನು ಹಾಕಿಸಿಕೊಳ್ಳಬೇಡಿ, ಎಷ್ಟೇ ಒಳ್ಳೆಯ ಉದ್ದೇಶ ಇರಲಿ. ಆ ಗೆಳೆಯರಿಗೆ ನೋಂದಣಿ ಇರುವ ಸಂಸ್ಥೆಯ ದಾರಿ ತೋರಿಸಿ. ನಮ್ಮ ಕಚೇರಿಯಲ್ಲಿ ಕೇಳಿದರೆ ಹೇಳುತ್ತೇವೆ.

ಇನ್ನೊಂದು ಎಚ್ಚರಿಕೆ. "ಲಂಡನ್ನಿಂದ ನಿಮಗೆ ಕ್ರಿಸ್ಮಸ್ ಗಿಫ್ಟ್ ಪಾರ್ಸೆಲ್ ಬಂದಿದೆ, ಕಸ್ಟಮ್ಸಿನಲ್ಲಿ ನಿಂತಿದೆ, ಬಿಡಿಸಲು ಇಷ್ಟು ಹಣ ಹಾಕಿ" ಅಂತ ಫೋನ್ ಬಂದರೆ ಅದು ಮೋಸ. ವಾಟ್ಸಾಪಿನಲ್ಲಿ ಚಿನ್ನದ ಫೋಟೋ ಕಳುಹಿಸುತ್ತಾರೆ, ಪಾದ್ರಿಗಳ ಫೋಟೋ ಕೂಡ ಹಾಕುತ್ತಾರೆ. ದುಡ್ಡು ಹಾಕಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಗಂಡನಿಗೆ ಗೊತ್ತಾದರೆ ಬಯ್ತಾನೆ ಅಂತ ಎರಡು ದಿನ ಸುಮ್ಮನಿದ್ದರೆ ಹಣ ಕೈತಪ್ಪುತ್ತದೆ.

ಈ ಕ್ರಿಸ್ಮಸ್ಸಿಗೆ ನಮ್ಮ ಸಂಘ

15 ಜನರ ಸಂಘದಲ್ಲಿ ಒಬ್ಬೊಬ್ಬರು ವಾರದ ಉಳಿತಾಯದ ಜೊತೆ 2 ರೂಪಾಯಿ ಬೇರೆ ಡಬ್ಬಿಗೆ ಹಾಕಿದರೆ ವಾರಕ್ಕೆ 30, ವರ್ಷಕ್ಕೆ 1,560 ರೂಪಾಯಿ. ಒಂದು ಎಲೆ ಅಡಿಕೆಗೆ ಆಗುವ ದುಡ್ಡೂ ಅಲ್ಲ 2 ರೂಪಾಯಿ. ಅಂಥ 100 ಸಂಘ ಸೇರಿದರೆ 1,56,000. ಯಾವ ದೆಹಲಿಯ ಖಾತೆಯೂ ಬೇಕಿಲ್ಲ. ಹಬ್ಬಕ್ಕೆಂದು ಸಾಲ ತೆಗೆದು ದಾನ ಮಾಡುವುದು ಮಾತ್ರ ಬೇಡ. ಸಾಲದ ಹಣ ನಿಮ್ಮದಲ್ಲ.

ಯಾರಿಗೆ ಕೊಡುವುದು ಅನ್ನುವಲ್ಲಿ ಜಗಳ ಬರುತ್ತದೆ, ನನಗೆ ಗೊತ್ತು. ಅದಕ್ಕೇ ಪಟ್ಟಿ ಮಾಡುವ ಮೊದಲು ಇಬ್ಬಿಬ್ಬರಾಗಿ ಮನೆ ಭೇಟಿ ಮಾಡಿ. ಸಂಘದಲ್ಲಿ ಇಲ್ಲದವರ ಮನೆಗೂ ಹೋಗಿ. ಗಂಡ ಬೆಂಗಳೂರಿಗೆ ಕೂಲಿಗೆ ಹೋಗಿ ಒಂಟಿಯಾಗಿ ಉಳಿದವಳು, ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಸೊಂಟ ಬಗ್ಗಿದ ಅಜ್ಜಿ, ಪರೀಕ್ಷೆ ಶುಲ್ಕ ಕಟ್ಟದೆ ಕಾಲೇಜು ಬಿಡುವ ಹುಡುಗಿ. ಒಂಟಿ ಇರುವವರ ಮನೆಗೆ ಕೊನೆಯಲ್ಲಿ ಹೋಗಿ. ಏನು ಬೇಕು ಅಂತ ಕೇಳಬೇಡಿ, ಕೂತು ಮಾತಾಡಿ, ಗೊತ್ತಾಗುತ್ತದೆ. ಒತ್ತೆ ಇಟ್ಟ ವಸ್ತು ಇದ್ದರೆ ಎಷ್ಟು ಅಸಲು, ಎಷ್ಟು ಬಡ್ಡಿ ಅಂತ ಚೀಟಿ ನೋಡಿ ಬರೆದುಕೊಳ್ಳಿ. ಡಬ್ಬಿಯ ಹಣ ಸಾಲದಿದ್ದರೆ ಉಳಿದದ್ದನ್ನು ಸಂಘದಿಂದ ಬಡ್ಡಿಯಿಲ್ಲದೆ ಕೊಡಬಹುದು, ಅದಕ್ಕೆ ಸಭೆಯ ಒಪ್ಪಿಗೆ ಬೇಕು. ಕೊಟ್ಟ ಹೆಸರು ನಡಾವಳಿ ಪುಸ್ತಕದಲ್ಲಿ ಇರಲಿ, ಬ್ಯಾನರಿನಲ್ಲಿ ಬೇಡ.

ಚರ್ಚೆಗೆ: ನಮ್ಮ ಸಂಘದ ಪೆಟ್ಟಿಗೆಯ ಕೀಲಿ ಈಗ ಯಾರ ಹತ್ತಿರ ಇದೆ, ಪೆಟ್ಟಿಗೆ ಯಾರ ಹತ್ತಿರ ಇದೆ? ಕಳೆದ ಸಲ ನಮ್ಮ ಊರಿಗೆ ಬಂದ ಹಬ್ಬದ ಸಹಾಯ ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ, ಯಾಕೆ? ನಮ್ಮ ಊರಿನಲ್ಲಿ ಇವತ್ತು ಗಿರವಿಯಲ್ಲಿ ಇರುವ ಯಾವ ಒಂದು ವಸ್ತುವನ್ನು ಡಿಸೆಂಬರ್ 25ರೊಳಗೆ ಬಿಡಿಸಿ ಆ ಮನೆಗೆ ತಲುಪಿಸಲು ಆಗುತ್ತದೆ, ಅದಕ್ಕೆ ಎಷ್ಟು ಬೇಕು, ಯಾರಿಬ್ಬರು ಹೋಗುತ್ತಾರೆ? ಈ ಮೂರನೇ ಪ್ರಶ್ನೆಯ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಜನವರಿಯ ಕ್ಲಸ್ಟರ್ ಸಭೆಗೆ ಪುಸ್ತಕ ತನ್ನಿ.